ಹಳೇ ಬೈಕು, ಎರಡು ರಾತ್ರಿಯ ಸವಾರಿ: ಯಾವ ಬ್ಯಾಗು, ಎಲ್ಲಿ ಕಟ್ಟಬೇಕು, ಎಷ್ಟು ಹೇರಬೇಕು?

ಬ್ಯಾಗು ಕೊಳ್ಳಲು ಹೊರಟವರು ಮೊದಲು ಯೋಚಿಸುವುದು ಎಷ್ಟು ಲೀಟರಿನದು ಬೇಕು ಅಂತ. ಹೊಸ ಬೈಕಿಗೆ ಅದು ಸರಿಯಾದ ಆರಂಭ. ಅದರದೇ ಮಾದರಿಗೆ ಅಳತೆ ಮಾಡಿ ಮಾಡಿದ ಕ್ಯಾರಿಯರ್, ಕಂಬಿ, ಪೆಟ್ಟಿಗೆ ಎಲ್ಲವೂ ಸಿಗುತ್ತವೆ. ಇಪ್ಪತ್ತು ಮೂವತ್ತು ವರ್ಷ ಓಡಿದ ಬೈಕಿಗೆ ಹಾಗಲ್ಲ. ಅದರ ಮೇಲೆ ಎಲ್ಲಿ ಕಟ್ಟಲು ಜಾಗವಿದೆ, ಆ ಜಾಗ ಎಷ್ಟು ಭಾರ ತಡೆದೀತು, ಕಟ್ಟಿದ ಮೇಲೆ ಯಾವುದು ಕೈಗೆ ಸಿಗದೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಲೀಟರ್ ಲೆಕ್ಕ ಆಮೇಲೆ.

ಇಲ್ಲಿ ಹೇಳುವುದೆಲ್ಲ ಒಂದರಿಂದ ಮೂರು ರಾತ್ರಿಯ ಸವಾರಿಗೆ. ಬೈಕು ಕಾರ್ಬ್ಯುರೇಟರಿನದು, ಹಿಂದೆ ಎರಡು ಶಾಕ್ ಅಬ್ಸಾರ್ಬರ್, ಕಿಕ್ಕರ್ ಇದೆ, ಬಹುಶಃ ಡ್ರಮ್ ಬ್ರೇಕು ಕೂಡ ಎಂದುಕೊಳ್ಳೋಣ. ಒಂದು ಷರತ್ತನ್ನು ಈಗಲೇ ಹೇಳಿಬಿಡುತ್ತೇನೆ: ಎರಡು ದಿನದ ಸವಾರಿಗೆಂದು ಹಳೆಯ ಬೈಕಿನ ಚಾಸಿಗೆ ತೂತು ಕೊರೆಯುವುದು, ಕಂಬಿ ವೆಲ್ಡ್ ಮಾಡಿಸುವುದು ಬೇಡ. ಸವಾರಿ ಮುಗಿದ ಮೇಲೆ ಬೈಕು ಮೊದಲಿದ್ದ ಹಾಗೇ ಇರಬೇಕು.

ಹಂತ 1: ಅಳತೆ ಟೇಪು ಹಿಡಿದು ಬೈಕಿನ ಸುತ್ತ ಒಂದು ಸುತ್ತು

ಹಳೆಯ ಬೆಡ್‌ಶೀಟಿನಲ್ಲಿ ದಿಂಬು ಸುತ್ತಿ ಒಂದು ಉಂಡೆ ಮಾಡಿ, ಹಗ್ಗ ಹಾಕಿ ಬೈಕಿನ ಪಕ್ಕಕ್ಕೆ ಕಟ್ಟಿ. ಇದು ನಿಮ್ಮ ಬರಲಿರುವ ಬ್ಯಾಗು. ಈಗ ಕಿಕ್ಕರ್ ಹೊರಗೆಳೆದು ಪೂರ್ತಿ ಕೆಳಗಿನವರೆಗೆ ತುಳಿಯಿರಿ. ಕಿಕ್ಕರ್ ಇರುವ ಬದಿಯ ಬ್ಯಾಗು ಮೊಣಕಾಲಿಗೋ ಹಿಮ್ಮಡಿಗೋ ಅಡ್ಡ ಬರುವುದು ತೀರಾ ಸಾಮಾನ್ಯ. ಅಂಗಡಿಯಲ್ಲಿ ಖಾಲಿ ಬ್ಯಾಗನ್ನು ತೂಗುಹಾಕಿ ನೋಡಿದಾಗ ಇದು ಗೊತ್ತೇ ಆಗುವುದಿಲ್ಲ; ತುಂಬಿದ ಮೇಲೆ ಅದು ಉಬ್ಬಿ ಒಂದು ಗೇಣು ಹೊರಗೆ ಬರುತ್ತದೆ. ಸೆಲ್ಫ್ ಸ್ಟಾರ್ಟ್ ಇದೆಯಲ್ಲ ಎಂದು ಇದನ್ನು ಬಿಡಬೇಡಿ. ಹಳೆಯ ಬ್ಯಾಟರಿ ಕೈಕೊಡುವುದು ಬೆಳಗಿನ ಚಳಿಯಲ್ಲಿ, ಸಾಮಾನು ಕಟ್ಟಿ ಹೊರಡುವ ಹೊತ್ತಿಗೆ.

ಸೆಂಟರ್ ಸ್ಟ್ಯಾಂಡ್, ಸೈಡ್ ಸ್ಟ್ಯಾಂಡ್‌ಗಳಿಗೂ ಕಾಲು ಸರಾಗ ತಲುಪಬೇಕು. ಗೇರ್ ಲಿವರಿಗೆ ಹಿಮ್ಮಡಿಯ ಕಡೆಯೂ ಒಂದು ತುದಿ ಇದ್ದರೆ ಅದೂ ಬಿಡುವಾಗಿರಲಿ.

ಮುಂದೆ ಸೈಲೆನ್ಸರ್. ನೈಲಾನ್ ಬಗೆಗೆ ತಕ್ಕಂತೆ ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಎಂಜಿನ್ನಿಗೆ ಹತ್ತಿರದ ಪೈಪು ಆ ಬಿಸಿಯನ್ನು ಆರಾಮವಾಗಿ ದಾಟುತ್ತದೆ, ಹಿಂದಿನ ಭಾಗ ಅಷ್ಟಲ್ಲದಿದ್ದರೂ ಬಟ್ಟೆ ಸುಡುವಷ್ಟು ಕಾಯುತ್ತದೆ. ಬ್ಯಾಗಿನ ತಳಕ್ಕೂ ಸೈಲೆನ್ಸರಿಗೂ ನಡುವೆ ಅಂಗೈ ಅಗಲದ ಅಂತರ ಬೇಕು. ಟೈರಿಗೂ ಬ್ಯಾಗಿಗೂ ನಡುವಿನ ಜಾಗವನ್ನು ಅಳೆಯಬೇಕಾದ್ದು ಬೈಕು ಸ್ಟ್ಯಾಂಡಿನ ಮೇಲೆ ನಿಂತಿರುವಾಗಲ್ಲ, ನೀವು ಹತ್ತಿ ಕೂತು ಇನ್ನೊಬ್ಬರು ಹಿಂದೆ ಒತ್ತಿ ಹಿಡಿದಾಗ. ಗುಂಡಿಗೆ ಇಳಿದಾಗ ಚಕ್ರ ಮೇಲೆ ಬರುತ್ತದೆ, ಸೀಟಿಗೆ ಕಟ್ಟಿದ ಬ್ಯಾಗು ಕೆಳಗಿಳಿಯುತ್ತದೆ.

ಆಮೇಲೆ ಟ್ಯಾಂಕಿನ ಮುಚ್ಚಳ. ಹಳೆಯ ಬೈಕುಗಳಲ್ಲಿ ಪೆಟ್ರೋಲು ಕೆಳಗಿಳಿದಷ್ಟೂ ಗಾಳಿ ಒಳಗೆ ಹೋಗುವುದು ಸಾಮಾನ್ಯವಾಗಿ ಮುಚ್ಚಳದಲ್ಲಿರುವ ಒಂದು ಸಣ್ಣ ರಂಧ್ರದಿಂದ. ಟ್ಯಾಂಕ್ ಬ್ಯಾಗು ಅದರ ಮೇಲೆ ಒತ್ತಿ ಕೂತರೆ ಗಾಳಿ ಹೋಗುವುದಿಲ್ಲ, ಟ್ಯಾಂಕಿನೊಳಗೆ ನಿರ್ವಾತ ಕಟ್ಟುತ್ತದೆ, ಪೆಟ್ರೋಲು ಹನಿಯುವುದು ನಿಲ್ಲುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿದ ಬೈಕು ಉಸಿರುಗಟ್ಟಿದಂತೆ ಎಳೆದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಓಡುತ್ತದೆ. ಸವಾರ ಪ್ಲಗ್ಗು, ಕಾಯಿಲು, ಕಾರ್ಬ್ಯುರೇಟರ್ ಎಲ್ಲವನ್ನೂ ಅನುಮಾನಿಸುತ್ತಾನೆ, ಬ್ಯಾಗನ್ನೊಂದು ಬಿಟ್ಟು. ಬೈಕು ನಿಂತಾಗ ಮುಚ್ಚಳ ತೆರೆಯಿರಿ. ಬುಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಕಾರಣ ಇದೇ. ಮುಚ್ಚಳದ ಜಾಗದಲ್ಲಿ ತಳ ಸ್ವಲ್ಪ ಎದ್ದಿರುವ, ಇಲ್ಲವೇ ಮುಚ್ಚಳಕ್ಕಿಂತ ಹಿಂದೆ ಕೂರುವ ಟ್ಯಾಂಕ್ ಬ್ಯಾಗನ್ನೇ ಆರಿಸಬೇಕು.

ಉಳಿದದ್ದನ್ನು ಬೇಗ ಮುಗಿಸೋಣ. ಇಂಡಿಕೇಟರಿನ ರಬ್ಬರ್ ಕಾಂಡಗಳು ವಯಸ್ಸಾದ ಮೇಲೆ ಬಿರುಕು ಬಿಟ್ಟಿರುತ್ತವೆ, ಅವುಗಳ ಮೇಲೆ ಬ್ಯಾಗಿನ ಭಾರ ಬೀಳಕೂಡದು. ಸೈಡ್ ಪ್ಯಾನೆಲ್ ಪ್ಲಾಸ್ಟಿಕ್ಕಿನದಾದರೆ ಬ್ಯಾಗು ಒರಗಿದರೂ ಅದರ ಕಿವಿ ಮುರಿದೀತು. ಬ್ಯಾಟರಿಯ ಗಾಳಿ ಕೊಳವೆ ಎಲ್ಲಿ ಕೊನೆಯಾಗುತ್ತದೆ ನೋಡಿಕೊಳ್ಳಿ, ಆಸಿಡ್ ಹನಿ ಬಿದ್ದ ಬಟ್ಟೆ ಒಗೆತದಲ್ಲಿ ತೂತಾಗುತ್ತದೆ. ಟೂಲ್ ಕಿಟ್ ಇರುವುದು ಸೀಟಿನ ಕೆಳಗೆ ಎಂದಾದರೆ, ಸೀಟಿನ ಮೇಲೆ ಬ್ಯಾಗು ಕಟ್ಟಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ಹಂತ 2: ಭಾರದ ಲೆಕ್ಕ

ಬೈಕಿನ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕ ಕೊಟ್ಟಿರುತ್ತಾರೆ. ಅದರಿಂದ ಪೆಟ್ರೋಲು, ಆಯಿಲು ತುಂಬಿದ ಬೈಕಿನ ತೂಕ ಕಳೆಯಿರಿ. ಉಳಿದದ್ದು ಸವಾರ, ಹಿಂಬದಿ ಸವಾರ, ಬಟ್ಟೆ, ಹೆಲ್ಮೆಟ್ಟು, ಬ್ಯಾಗು, ಬ್ಯಾಗಿನ ಕಂಬಿ ಎಲ್ಲಕ್ಕೂ ಸೇರಿ. ಬಹಳ ಬೈಕುಗಳಲ್ಲಿ ಇದು 150ರಿಂದ 200 ಕೆ.ಜಿ.ಯೊಳಗೆ ಇರುತ್ತದೆ. ಇಬ್ಬರು ಕೂತರೆ ಸಾಮಾನಿಗೆ ಉಳಿಯುವುದು ಬಹಳ ಕಡಿಮೆ. ಆ ಸಂಖ್ಯೆಯೂ ಬೈಕು ಹೊಸದಾಗಿದ್ದಾಗಿನದು ಎಂಬುದು ನೆನಪಿರಲಿ. ತುಕ್ಕು ಹಿಡಿದ ಹಿಂಚೌಕಟ್ಟಿಗೆ, ಎಣ್ಣೆ ಸೋರಿದ ಶಾಕಿಗೆ ಅದು ಅನ್ವಯಿಸುವುದಿಲ್ಲ. ಒಬ್ಬರೇ ಹೋಗುವಾಗ ಎಲ್ಲ ಬ್ಯಾಗೂ ಸೇರಿ 15 ಕೆ.ಜಿ. ಸಾಕು ಎಂಬುದು ನನ್ನ ಮಿತಿ. ಎರಡು ರಾತ್ರಿಗೆ ಅದಕ್ಕಿಂತ ಹೆಚ್ಚು ಬೇಕಾದರೆ ಬ್ಯಾಗು ಬದಲಿಸುವ ಮೊದಲು ಸಾಮಾನಿನ ಪಟ್ಟಿಯನ್ನು ನೋಡಿ.

ಟೈರಿನ ಬದಿಯನ್ನೂ ಒಮ್ಮೆ ಓದಿ. ಅಳತೆಯ ಪಕ್ಕದಲ್ಲಿರುವ ಎರಡಂಕಿಯ ಸಂಖ್ಯೆ ಅದು ಹೊರಬಹುದಾದ ಭಾರದ ಸಂಕೇತ: 57 ಎಂದಿದ್ದರೆ 230 ಕೆ.ಜಿ., 62 ಎಂದಿದ್ದರೆ 265 ಕೆ.ಜಿ. ತಯಾರಾದ ದಿನವನ್ನು ಹೇಳುವ ನಾಲ್ಕಂಕಿಯ ಗುರುತೂ ಇರುತ್ತದೆ. 2319 ಎಂದರೆ 2019ರ 23ನೆಯ ವಾರ. ಕಡಿಮೆ ಓಡುವ ಹಳೇ ಬೈಕಿನಲ್ಲಿ ಟೈರಿನ ಗೀರು ಆಳವಾಗಿಯೇ ಇದ್ದು ರಬ್ಬರು ಗಟ್ಟಿಯಾಗಿ ಹೋಗಿರುತ್ತದೆ. ಅಂಥ ಟೈರಿನ ಮೇಲೆ ಭಾರ ಹೇರಿ ಹೊರಡುವುದಕ್ಕಿಂತ ಬ್ಯಾಗಿನ ದುಡ್ಡನ್ನು ಟೈರಿಗೆ ಹಾಕುವುದೇ ಮೇಲು.

ಭಾರ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಕೂರುತ್ತದೆ ಎನ್ನುವುದು ದೊಡ್ಡದು. ಎರಡು ಚಕ್ರಗಳ ನಡುವೆ 130 ಸೆ.ಮೀ. ಅಂತರವಿರುವ ಬೈಕಿನಲ್ಲಿ, ಹಿಂದಿನ ಚಕ್ರದ ಅಚ್ಚಾದ ಆಕ್ಸಲ್‌ಗಿಂತ 30 ಸೆ.ಮೀ. ಹಿಂದಕ್ಕೆ 10 ಕೆ.ಜಿ. ಕಟ್ಟಿದಿರಿ ಎನ್ನಿ. ಹಿಂದಿನ ಚಕ್ರದ ಮೇಲೆ 12.3 ಕೆ.ಜಿ. ಹೆಚ್ಚುತ್ತದೆ, ಮುಂದಿನ ಚಕ್ರದಿಂದ 2.3 ಕೆ.ಜಿ. ಕಳೆದುಹೋಗುತ್ತದೆ. ಅದೇ 10 ಕೆ.ಜಿ.ಯನ್ನು ಹಿಂದಿನ ಆಕ್ಸಲ್‌ಗಿಂತ 70 ಸೆ.ಮೀ. ಮುಂದೆ, ಟ್ಯಾಂಕಿನ ಮೇಲೆ ಇಟ್ಟರೆ ಮುಂದಿನ ಚಕ್ರಕ್ಕೆ 5.4, ಹಿಂದಿನದಕ್ಕೆ 4.6 ಹಂಚಿಕೆಯಾಗುತ್ತದೆ. ಮುಂದಿನ ಚಕ್ರ ಹಗುರವಾದಷ್ಟೂ ಹ್ಯಾಂಡಲು ಸಡಿಲ ಅನಿಸುತ್ತದೆ, ವೇಗ ಹೆಚ್ಚಿದಾಗ ಬೈಕು ಹಾವಿನಂತೆ ಹೊರಳತೊಡಗುತ್ತದೆ. ಹ್ಯಾಂಡಲು ತಿರುಗುವ ಹೆಡ್ ಬೇರಿಂಗು, ಹಿಂಚಕ್ರವನ್ನು ಹಿಡಿದ ಸ್ವಿಂಗ್ ಆರ್ಮಿನ ಬುಷ್ಷು ಸವೆದ ಬೈಕಿನಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ.

ಹಂತ 3: ಮೊದಲು ಸಾಮಾನು, ಆಮೇಲೆ ಬ್ಯಾಗು

ಕೊಂಡೊಯ್ಯಬೇಕಾದ್ದನ್ನೆಲ್ಲ ನೆಲದ ಮೇಲೆ ಹರಡಿ. ಒಂದು ರಟ್ಟಿನ ಡಬ್ಬದಲ್ಲಿ ಒತ್ತಿ ತುಂಬಿ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 40×30×20 ಎಂದರೆ 24 ಲೀಟರ್. ಅದಕ್ಕೆ ಐದನೆಯ ಒಂದು ಭಾಗ ಸೇರಿಸಿ, ಅಷ್ಟೇ ಗಾತ್ರದ ಬ್ಯಾಗು ಕೊಳ್ಳಿ. ದೊಡ್ಡ ಬ್ಯಾಗು ಕೊಂಡರೆ ಅದು ತುಂಬುವವರೆಗೆ ಮನಸ್ಸಿಗೆ ಸಮಾಧಾನವಿರುವುದಿಲ್ಲ.

ಹಳೆಯ ಬೈಕಿನ ಪಟ್ಟಿಯಲ್ಲಿ ಬಟ್ಟೆಗಿಂತ ಸಲಕರಣೆಯದೇ ಹೆಚ್ಚು ಭಾರ. ಬೈಕಿನ ನಟ್ಟುಗಳಿಗೆ ಹೊಂದುವ ಸ್ಪ್ಯಾನರುಗಳು, ಪ್ಲಗ್ ಸ್ಪ್ಯಾನರು, ಒಂದು ಪ್ಲಗ್ಗು, ಕ್ಲಚ್ ಕೇಬಲ್ಲು, ಫ್ಯೂಸು, ಬಲ್ಬು, ಚೈನ್ ಲಾಕು, ತಂತಿ, ಇನ್ಸುಲೇಷನ್ ಟೇಪು, ಕೇಬಲ್ ಟೈ. ಟ್ಯೂಬ್ ಟೈರಾದರೆ ಟೈರ್ ಲಿವರು, ಪಂಕ್ಚರ್ ಸಾಮಾನು, ಪುಟ್ಟ ಪಂಪು, ಹಿಂಚಕ್ರದ ಒಂದು ಟ್ಯೂಬು. ಇವೆಲ್ಲ 3-4 ಕೆ.ಜಿ. ಆಗುತ್ತವೆ, ಗಾತ್ರ ಮಾತ್ರ ಚಿಕ್ಕದು. ಇವಕ್ಕೆ ಬೇರೆಯದೇ ಚೀಲವಿರಲಿ: ಮಡಿಸಿ ಸುರುಳಿ ಸುತ್ತುವ ಕ್ಯಾನ್ವಾಸಿನದು, ಎಂಜಿನ್ನಿನ ಮುಂದೆ ಅಥವಾ ಸೈಡ್ ಪ್ಯಾನೆಲಿನ ಹತ್ತಿರ, ಆದಷ್ಟು ಕೆಳಗೆ ಕಟ್ಟುವಂಥದು. ಎಂಜಿನ್ನಿನ ಮುಂದೆ ಕಟ್ಟಿದರೆ ಸಿಲಿಂಡರಿನ ರೆಕ್ಕೆಗಳಿಗೆ ಹೋಗುವ ಗಾಳಿಗೆ ಅಡ್ಡವಾಗಬಾರದು. ಕ್ಲಚ್ ಕೇಬಲ್ಲನ್ನು ಬ್ಯಾಗಿನಲ್ಲಿ ಇಡುವ ಅಗತ್ಯವೇ ಇಲ್ಲ. ಈಗಿರುವುದರ ಪಕ್ಕದಲ್ಲೇ ಎಳೆದು, ಎರಡೂ ತುದಿಗೆ ಟೇಪು ಸುತ್ತಿ ಬಿಟ್ಟರೆ ಜಾಗವೂ ಉಳಿಯಿತು, ತುಂಡಾದಾಗ ಅರ್ಧ ಕೆಲಸವೂ ಮುಗಿದಿತ್ತು.

ಹಂತ 4: ಯಾವ ಬಗೆಯ ಬ್ಯಾಗು

ಟೇಲ್ ಬ್ಯಾಗು. ಒಬ್ಬರೇ ಹೋಗುವುದಾದರೆ ಇದರಿಂದಲೇ ಶುರುಮಾಡಿ. ಹಿಂಬದಿ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವಂತೆ ಕೂರುತ್ತದೆ. ಭಾರ ಆಕ್ಸಲ್‌ಗಿಂತ ಮುಂದೆಯೇ ಉಳಿಯುತ್ತದೆ, ಸೈಲೆನ್ಸರಿನ ಚಿಂತೆಯಿಲ್ಲ, ಕಿಕ್ಕರಿಗೆ ಅಡ್ಡಿಯಿಲ್ಲ. 25ರಿಂದ 35 ಲೀಟರ್ ಸಾಕು. ಬಾಯಿ ಸುತ್ತಿ ಮುಚ್ಚುವ ಉರುಟು ಡ್ರೈ ಬ್ಯಾಗು ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅಡಿಯಲ್ಲಿ ಸಪಾಟಾಗಿರದ ಕಾರಣ ಉರುಳಲು ನೋಡುತ್ತದೆ. ಅದನ್ನು ಸೀಟಿಗೆ ಅಡ್ಡವಾಗಿ ಕಟ್ಟಿ; ಅಗಲ ಹ್ಯಾಂಡಲಿನ ಅಗಲವನ್ನು ದಾಟದಿರಲಿ. ಒಂದೇ ತೊಂದರೆ: ಇಳಿಯುವಾಗ, ಹತ್ತುವಾಗ ಕಾಲನ್ನು ಬ್ಯಾಗಿನ ಮೇಲಿಂದ ಎತ್ತಿ ಹಾಕಲಾಗುವುದಿಲ್ಲ. ಸೊಂಟ ನೋವಿದ್ದವರು ಮೊದಲೇ ಯೋಚಿಸಿ.

ಟ್ಯಾಂಕ್ ಬ್ಯಾಗು. ಹಳೆಯ ಬೈಕಿಗೆ ಇಲ್ಲೊಂದು ಅನುಕೂಲವಿದೆ. ಅದರ ಟ್ಯಾಂಕು ಹೆಚ್ಚಾಗಿ ಉಕ್ಕಿನದು, ಆಯಸ್ಕಾಂತ ಹಿಡಿಯುತ್ತದೆ. ಅಲ್ಯೂಮಿನಿಯಂ, ಫೈಬರ್ ಟ್ಯಾಂಕಾದರೆ ಇಲ್ಲ. ಕೊಳ್ಳುವ ಮೊದಲು ಫ್ರಿಜ್ಜಿನ ಮೇಲಿನ ಆಯಸ್ಕಾಂತ ತಂದು ಅಂಟಿಸಿ ನೋಡಿ. ಕೆಲವು ಟ್ಯಾಂಕುಗಳಿಗೆ ಹಿಂದೆಂದೋ ತಗ್ಗು ಮುಚ್ಚಲು ಪುಟ್ಟಿ ಮೆತ್ತಿ ಬಣ್ಣ ಹಚ್ಚಿರುತ್ತಾರೆ, ಪುಟ್ಟಿ ದಪ್ಪವಿದ್ದ ಕಡೆ ಹಿಡಿತ ಸಡಿಲ. ಆಯಸ್ಕಾಂತದ ಅಡಿ ಸಿಕ್ಕಿದ ಧೂಳು ಮರಳುಕಾಗದದ ಕೆಲಸ ಮಾಡುತ್ತದೆ. ಮೂಲ ಬಣ್ಣ ಉಳಿದಿರುವ ಟ್ಯಾಂಕಾದರೆ ಪಾರದರ್ಶಕ ಫಿಲ್ಮ್ ಅಂಟಿಸಿ, ಇಲ್ಲವೇ ಪ್ರತಿ ಸಲ ಎರಡೂ ಕಡೆ ಒರೆಸಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಆಯಸ್ಕಾಂತದ ಬ್ಯಾಗು ಬಿಟ್ಟು ಪಟ್ಟಿಯದನ್ನು ಕೊಳ್ಳಬೇಕು. 5ರಿಂದ 10 ಲೀಟರ್ ಸಾಕು. ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿದಾಗ ಬ್ಯಾಗು ಹಾರ್ನನ್ನು ಒತ್ತಬಾರದು, ಪೆಟ್ರೋಲ್ ಕಾಕಿಗೂ ಚೋಕಿಗೂ ಕೈ ಹೋಗಬೇಕು, ಮೀಟರು ಕಾಣಬೇಕು. ಬ್ಯಾಗಿನಲ್ಲಿ ಫೋನ್ ಇಡುವುದು ಹ್ಯಾಂಡಲಿಗೆ ಸಿಕ್ಕಿಸುವುದಕ್ಕಿಂತ ಒಳ್ಳೆಯದು: ದೊಡ್ಡ ಎಂಜಿನ್ನಿನ ಬೈಕುಗಳ ನಡುಕ ಫೋನಿನ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಕೈತುಂಬ ನಡುಗುವ ಹಳೆಯ ಸಿಂಗಲ್ ಸಿಲಿಂಡರಿನವರು ಇದನ್ನು ತಮಗೇ ಹೇಳಿದ್ದೆಂದುಕೊಳ್ಳಬೇಕು.

ಸ್ಯಾಡಲ್ ಬ್ಯಾಗು. ಸೀಟಿನ ಮೇಲಿಂದಲೋ ಅಡಿಯಿಂದಲೋ ಎರಡೂ ಕಡೆ ಇಳಿಬಿಡುವ ಜೋಡಿ. ಭಾರ ಕೆಳಗಿರುತ್ತದೆ, ಹಿಂದೆ ಇನ್ನೊಬ್ಬರು ಕೂರಬಹುದು. ಇಬ್ಬರು ಹೋಗುವಾಗ ಇದನ್ನು ಬಿಟ್ಟರೆ ಗತಿಯಿಲ್ಲ. ಆದರೆ ಎರಡು ಶಾಕಿನ ಬೈಕಿನಲ್ಲಿ ಬ್ಯಾಗು ಸ್ಪ್ರಿಂಗಿಗೆ ಉಜ್ಜುತ್ತದೆ, ಶಾಕಿಗಿಂತ ಹಿಂದಿರುವ ಬ್ಯಾಗಿನ ಭಾಗ ಒಳಕ್ಕೆ ಬಾಗಿ ಸ್ಪೋಕ್ಸಿನ ಕಡೆ ಹೋಗುತ್ತದೆ. ಹಿಂಚಕ್ರಕ್ಕೆ ಬ್ಯಾಗು ಸಿಕ್ಕರೆ ಚಕ್ರ ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಹೇಳಬೇಕಿಲ್ಲ. ಹಾಗಾಗಿ ಶಾಕಿನ ಮೇಲಿನ ಬೋಲ್ಟಿಗೂ ಮಡ್‌ಗಾರ್ಡಿನ ಬೋಲ್ಟಿಗೂ ಕೂರುವ ಕಂಬಿಯಿಲ್ಲದೆ ಸ್ಯಾಡಲ್ ಬ್ಯಾಗು ಬೇಡ. ಬೋಲ್ಟಿಗೆ ಕೂರುವಂಥದು ಬಿಚ್ಚಲೂ ಬರುತ್ತದೆ, ವೆಲ್ಡಿಂಗಿನ ಪ್ರಶ್ನೆಯಿಲ್ಲ. ಒಂದೊಂದು ಬದಿಗೆ 15 ಲೀಟರ್, 5 ಕೆ.ಜಿ.; ಎರಡೂ ಬದಿ ಸರಿತೂಕ.

ಗಟ್ಟಿ ಪೆಟ್ಟಿಗೆಗಳು. ಬೀಗ ಹಾಕಬಹುದು, ಮಳೆಗೆ ಜಗ್ಗುವುದಿಲ್ಲ, ನೋಡಲೂ ಚಂದ. ಆದರೂ ಹಳೇ ಬೈಕಿನ ಸಣ್ಣ ಸವಾರಿಗೆ ನಾನು ಶಿಫಾರಸು ಮಾಡುವುದಿಲ್ಲ. ಪಕ್ಕದ ಲೋಹದ ಪೆಟ್ಟಿಗೆಗಳ ಜೋಡಿ, ಚೌಕಟ್ಟು ಸೇರಿ ಖಾಲಿಯಿದ್ದಾಗಲೇ 10 ಕೆ.ಜಿ. ದಾಟುವುದು ಸಾಮಾನ್ಯ, ಬಟ್ಟೆ ತುಂಬುವ ಮೊದಲೇ ಮಿತಿಯ ಮೂರನೆಯ ಎರಡು ಪಾಲು ಮುಗಿಯಿತು. ಬೈಕು ಜಾರಿದಾಗ ಕಾಲು ಪೆಟ್ಟಿಗೆಯಡಿ ಸಿಕ್ಕುವ ಅಪಾಯವೂ ಇದೆ. ಟಾಪ್ ಬಾಕ್ಸು ಇನ್ನೂ ಕೆಟ್ಟ ಜಾಗದಲ್ಲಿ ಕೂರುತ್ತದೆ: ಎತ್ತರದಲ್ಲಿ, ಆಕ್ಸಲ್‌ಗಿಂತ ಹಿಂದೆ. ಅದನ್ನು ಹೊರುವ ಕ್ಯಾರಿಯರ್ ಹಲವು ಬೈಕುಗಳಲ್ಲಿ 3 ಅಥವಾ 5 ಕೆ.ಜಿ.ಗಷ್ಟೇ ಮಾಡಿದ್ದು, ಅದರ ಮೇಲೇ ಹಾಗೆ ಬರೆದಿರುತ್ತದೆ. ಈಗಾಗಲೇ ಇದ್ದರೆ ರೇನ್‌ಕೋಟು, ಸ್ವೆಟರಿನಂಥ ಹಗುರದ್ದನ್ನು ಮಾತ್ರ ಹಾಕಿ.

ಬೆನ್ನಿನ ಚೀಲ. ಅಗ್ಗ, ಮನೆಯಲ್ಲೇ ಇರುತ್ತದೆ. ಒಂದು ಗಂಟೆಗೆ ಸರಿ, ಮೂರನೆಯ ಗಂಟೆಗೆ ಭುಜ ಮಾತಾಡತೊಡಗುತ್ತದೆ. ಬಿದ್ದಾಗ ಅದರೊಳಗಿನ ಗಟ್ಟಿ ವಸ್ತು ಬೆನ್ನುಮೂಳೆಗೆ ಒತ್ತುತ್ತದೆ. ಸ್ಪ್ಯಾನರನ್ನಂತೂ ಅದರಲ್ಲಿ ಹಾಕಲೇಬೇಡಿ. ಅದನ್ನೇ ಹಿಂದಿನ ಸೀಟಿಗೆ ಬಿಗಿಯಾಗಿ ಕಟ್ಟಿದರೆ ಟೇಲ್ ಬ್ಯಾಗಾಯಿತು. ಭುಜದ ಪಟ್ಟಿಗಳನ್ನು ಒಳಕ್ಕೆ ಮಡಚಿ ಸಿಕ್ಕಿಸಿ.

ಹಂತ 5: ಬಟ್ಟೆ, ಹೊಲಿಗೆ, ಮಳೆ

ಪಿವಿಸಿ ಲೇಪನದ ಪಾಲಿಯೆಸ್ಟರು ಅಥವಾ 1000 ಡೆನಿಯರಿನ (ನೂಲಿನ ದಪ್ಪದ ಅಳತೆ) ನೈಲಾನು ಉಜ್ಜಾಟ ತಡೆಯುತ್ತವೆ. ದಪ್ಪ ಕ್ಯಾನ್ವಾಸು ಹಳೆಯ ಬೈಕಿನ ಮೇಲೆ ಒಪ್ಪುತ್ತದೆ, ಬಿಸಿಗೂ ನೈಲಾನಿನಂತೆ ಕರಗುವುದಿಲ್ಲ, ಆದರೆ ನೆಂದರೆ ಎರಡು ದಿನ ಒಣಗುವುದಿಲ್ಲ. ಬಟ್ಟೆಗಿಂತ ಹೆಚ್ಚಾಗಿ ನೋಡಬೇಕಾದ್ದು ಪಟ್ಟಿ ಬ್ಯಾಗನ್ನು ಸೇರುವ ಜಾಗ. ಅಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಒತ್ತಾದ ಹೊಲಿಗೆ ಇರಬೇಕು. ಒಂದೇ ಸಾಲಿನ ಹೊಲಿಗೆಯಿದ್ದರೆ ಅಲ್ಲೇ ಕೆಳಗಿಡಿ.

ಹೊರಗೆ ಹಾಕುವ ಮಳೆ ಕವರನ್ನು ನಂಬುವವರಿದ್ದಾರೆ, ನಾನು ಆ ಪಂಗಡದವನಲ್ಲ. ಗಾಳಿಗೆ ಉಬ್ಬಿ ಹಾರುತ್ತದೆ, ಹಾರಿ ಚೈನಿಗೆ ಸಿಕ್ಕುತ್ತದೆ, ಅಡಿಯಿಂದ ಚಿಮ್ಮುವ ನೀರಿಗೆ ಏನೂ ಮಾಡುವುದಿಲ್ಲ. ಸಾಮಾನನ್ನೇ ಒಳಗಿನ ಜಲನಿರೋಧಕ ಚೀಲಗಳಲ್ಲಿ ಹಾಕಿದರೆ ಹೊರಗಿನ ಬ್ಯಾಗು ನೆನೆದರೂ ಚಿಂತೆಯಿಲ್ಲ. ಬಾಯಿ ಸುತ್ತುವ ಚೀಲವನ್ನು ಗಾಳಿ ಹೊರಹಾಕಿ ಕನಿಷ್ಠ ಮೂರು ಸುತ್ತು ಸುತ್ತಬೇಕು. ಜಿಪ್ಪು ಮುಂದಿನಿಂದ ಬರುವ ಮಳೆಗೆ ಎದುರಾಗಿ ಕೂರದಂತೆ, ಹಿಂದಕ್ಕೆ ಮುಖ ಮಾಡಿರಲಿ.

ಹಂತ 6: ಕಟ್ಟುವುದು

ಕೊಕ್ಕೆಯ ಎಲಾಸ್ಟಿಕ್ ಹಗ್ಗ ಎಲ್ಲರ ಹತ್ತಿರವೂ ಇರುತ್ತದೆ. ಗುಂಡಿಗೆ ಹಾರಿದಾಗ ಬ್ಯಾಗಿನ ಭಾರಕ್ಕೆ ಅದು ಹಿಗ್ಗುತ್ತದೆ, ಕೊಕ್ಕೆ ಕಳಚಿಕೊಳ್ಳುತ್ತದೆ. ಕೈಜಾರಿದಾಗ ಕಣ್ಣಿಗೇ ಬಂದು ಹೊಡೆಯುತ್ತದೆ. ಮೇಲೆ ಜಾಕೆಟ್ಟು ಸಿಕ್ಕಿಸಲು ಇರಲಿ, ಬ್ಯಾಗು ಕಟ್ಟಲು ಬೇಡ. 25 ಮಿ.ಮೀ. ಅಗಲದ ಪಟ್ಟಿ, ಒತ್ತಿ ಹಿಡಿಯುವ ಕ್ಯಾಮ್ ಬಕಲ್ ಸಾಕು. ಲಾರಿ ಸಾಮಾನಿಗೆ ಬಳಸುವ ರಾಚೆಟ್ ಪಟ್ಟಿಗೆ ಬಲ ಜಾಸ್ತಿ, ಅದರಿಂದ ಹಳೆಯ ಹಿಡಿಕಂಬಿಯನ್ನೇ ಬಾಗಿಸಬಹುದು. ಪಾಲಿಯೆಸ್ಟರ್ ಪಟ್ಟಿ ಸಿಕ್ಕರೆ ಅದನ್ನೇ ಆರಿಸಿ, ನೈಲಾನಿನದು ನೆಂದಾಗ ಹಿಗ್ಗಿ ಸಡಿಲವಾಗುತ್ತದೆ.

ನಾಲ್ಕು ಕಡೆ ಕಟ್ಟು ಬೇಕು: ಎರಡು ಮುಂದಕ್ಕೆ ಎಳೆಯುವಂತೆ, ಎರಡು ಹಿಂದಕ್ಕೆ. ಪಟ್ಟಿ ಸುತ್ತಬೇಕಾದ್ದು ಚಾಸಿಯ ಕೊಳವೆಗೆ, ಗಟ್ಟಿ ಹಿಡಿಕಂಬಿಗೆ, ಇಲ್ಲವೇ ಶಾಕಿನ ಮೇಲ್ತುದಿಯ ಬೋಲ್ಟಿನ ಬಳಿಗೆ. ಇಂಡಿಕೇಟರು, ನಂಬರ್ ಪ್ಲೇಟು, ತೆಳು ತಗಡಿನ ಮಡ್‌ಗಾರ್ಡು, ಸೈಲೆನ್ಸರು ಯಾವುದಕ್ಕೂ ಅಲ್ಲ. ಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮಿಗಂತೂ ಬೇಡವೇ ಬೇಡ. ಪಟ್ಟಿ ಗಾಳಿಗೆ ಪಟಪಟಿಸಿದರೆ ಒಂದು ಸುತ್ತು ತಿರುಚಿ ಬಿಗಿಯಿರಿ, ಸದ್ದು ನಿಲ್ಲುತ್ತದೆ. ಉಳಿದ ತುದಿಗಳನ್ನು ಗಂಟು ಹಾಕಿ ಒಳಗೆ ತೂರಿಸುವುದು ಅಲಂಕಾರಕ್ಕಲ್ಲ. ಜೋತಾಡುವ ತುದಿಗೆ ಚೈನು ಒಂದೇ ಮೊಳ ದೂರ. ಕೊನೆಯಲ್ಲಿ ಬ್ಯಾಗನ್ನು ಹಿಡಿದು ಜೋರಾಗಿ ಅಲುಗಾಡಿಸಿ. ಬ್ಯಾಗಿನ ಜೊತೆ ಬೈಕೂ ಅಲುಗಿದರೆ ಸರಿ.

ಒಳಗೆ ತುಂಬುವ ಕ್ರಮಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಭಾರದ್ದು ಅಡಿಯಲ್ಲಿ, ಮುಂದಕ್ಕೆ. ರೇನ್‌ಕೋಟು ಎಲ್ಲಕ್ಕಿಂತ ಮೇಲೆ. ಲೋಹಕ್ಕೆ ಲೋಹ ತಾಗದಂತೆ ಬಟ್ಟೆ ಸುತ್ತಿ. ಹಳೇ ಎಂಜಿನ್ನಿನ ನಡುಕಕ್ಕೆ ಟಾರ್ಚಿನ ಬಣ್ಣ ಸವೆದು ಬಟ್ಟೆಗೆಲ್ಲ ಮಸಿ ಹತ್ತುತ್ತದೆ.

ಹಂತ 7: ಬೈಕನ್ನು ಹೊರೆಗೆ ಹೊಂದಿಸುವುದು

ಟೈರಿನ ಗಾಳಿಯನ್ನು ಹೊರೆ ಇರುವಾಗ ಎಷ್ಟಿರಬೇಕೆಂದು ಕೈಪಿಡಿ ಹೇಳುತ್ತದೆ; ಟೈರು ತಣ್ಣಗಿರುವಾಗ ತುಂಬಿ. ಶಾಕಿನ ಅಡಿಯ ಮೆಟ್ಟಿಲು ಮೆಟ್ಟಿಲಾದ ಬಳೆಯನ್ನು ಒಂದೋ ಎರಡೋ ಮೆಟ್ಟಿಲು ಗಟ್ಟಿಮಾಡಿ, ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಲಿ. ಹಿಂಬದಿಯನ್ನು ಒತ್ತಿ ಬಿಟ್ಟಾಗ ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕಿನೊಳಗಿನ ಎಣ್ಣೆ ಹೋಗಿದೆ, ಬ್ಯಾಗಿನ ಮಾತು ಆಮೇಲೆ.

ಹೊರೆ ಹೇರಿದಾಗ ಚೈನಿನ ಸಡಿಲವೂ ಬದಲಾಗುತ್ತದೆ. ಹಿಂಬದಿ ಕೂತಂತೆ ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್ ಆರ್ಮಿನ ಕೀಲು, ಆಕ್ಸಲು ಒಂದೇ ಗೆರೆಗೆ ಬರುತ್ತವೆ, ಆಗ ಚೈನು ಅತಿ ಬಿಗಿ. ಸವಾರನೂ ಬ್ಯಾಗೂ ಇರುವಾಗ ಒಮ್ಮೆ ಮುಟ್ಟಿ ನೋಡಿ, ಸ್ವಲ್ಪವೂ ಆಡದಿದ್ದರೆ ಸಡಿಲಿಸಬೇಕು. ಹೆಡ್‌ಲೈಟು ಮೇಲಕ್ಕೆ ಎತ್ತಿಕೊಳ್ಳುತ್ತದೆ. ಖಾಲಿ ಬೈಕಿನ ಬೆಳಕು ಗೋಡೆಯ ಮೇಲೆ ಬಿದ್ದ ಕಡೆ ಗುರುತು ಹಾಕಿಟ್ಟುಕೊಂಡು, ಹೊರೆ ಹೇರಿದ ಮೇಲೆ ಅದೇ ಗುರುತಿಗೆ ಇಳಿಸಿ. ಕಂಬಿಯ ಬೋಲ್ಟುಗಳಿಗೆ ನೈಲಾನ್ ಒಳಸುತ್ತಿನ ನಟ್ಟು ಹಾಕಿ, ಮಾಮೂಲು ನಟ್ಟು ನಡುಕಕ್ಕೆ ನಿಲ್ಲುವುದಿಲ್ಲ.

ಹಂತ 8: ಹೊರಡುವ ಮುಂಚಿನ ದಿನ, ಮತ್ತು ದಾರಿಯಲ್ಲಿ

ಎಲ್ಲ ಕಟ್ಟಿಕೊಂಡು ಮುಂಚಿನ ದಿನವೇ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟು ಬರೆಯಿರಿ, ಎರಡು ಸಲ ಗಟ್ಟಿಯಾಗಿ ಬ್ರೇಕು ಹಾಕಿ. ಡ್ರಮ್ ಬ್ರೇಕಿನ ಬೈಕು ಹೊರೆಯಿದ್ದಾಗ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬುದು ಇಲ್ಲೇ ತಿಳಿಯಲಿ. ಉದ್ದದ ಇಳಿಜಾರಿನಲ್ಲಿ ಡ್ರಮ್ಮು ಕಾದು ಹಿಡಿತ ಬಿಡುತ್ತದೆ, ಅಲ್ಲಿ ಸಣ್ಣ ಗೇರಿನಲ್ಲೇ ಇಳಿಯಬೇಕು. ಎಲ್ಲೋ ಒಂದು ವೇಗದಲ್ಲಿ ಬೈಕು ಹೊರಳಲು ಶುರುಮಾಡಿದರೆ ಹ್ಯಾಂಡಲನ್ನು ಬಿಗಿಹಿಡಿಯಬೇಡಿ, ಬ್ರೇಕು ಒತ್ತಬೇಡಿ. ಮೆಲ್ಲಗೆ ಆಕ್ಸಿಲರೇಟರ್ ಇಳಿಸಿ. ಆಮೇಲೆ ಭಾರವನ್ನು ಮುಂದಕ್ಕೆ ಸರಿಸಿ ಮತ್ತೆ ನೋಡಿ.

ಸವಾರಿಯ ದಿನ ಮೊದಲ 20-30 ಕಿಲೋಮೀಟರಿಗೆ ನಿಂತು ಪಟ್ಟಿಗಳನ್ನೆಲ್ಲ ಎಳೆದು ನೋಡಿ. ಸಾಮಾನು ಕುಲುಕಿ ಅಡಗಿರುತ್ತದೆ, ಒಂದಿಷ್ಟು ಸಡಿಲವಾಗಿಯೇ ಇರುತ್ತದೆ. ಕೆಟ್ಟ ರಸ್ತೆ ದಾಟಿದ ಮೇಲೆ, ಮಳೆ ನಿಂತ ಮೇಲೆ, ಪೆಟ್ರೋಲು ಹಾಕಿಸುವಾಗ ಇನ್ನೊಮ್ಮೆ. ರಾತ್ರಿ ನಿಂತಲ್ಲಿ ಬಟ್ಟೆಯ ಬ್ಯಾಗನ್ನು ಬೈಕಿನ ಮೇಲೆ ಬಿಡದೆ ಬಿಚ್ಚಿ ಒಳಗೆ ಒಯ್ಯಿರಿ. ಅದಕ್ಕೇ, ಬಿಚ್ಚಿ ಕಟ್ಟಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಬ್ಯಾಗನ್ನು ಕೊಳ್ಳಬೇಡಿ.

ವಾಪಸು ಬಂದ ಮೇಲೆ ಬ್ಯಾಗು, ಕಂಬಿ ಎಲ್ಲ ಬಿಚ್ಚಿ. ಒದ್ದೆ ಪಟ್ಟಿ ಸುತ್ತಿದ್ದ ಕಡೆ ಕ್ರೋಮು, ಬಣ್ಣ ಒರೆಸಿ ಒಣಗಿಸಿ, ಅಲ್ಲೇ ತುಕ್ಕು ಮೊದಲು ಹುಟ್ಟುವುದು. ಹಿಡಿಕಂಬಿ ಚಾಸಿಗೆ ಸೇರುವ ಬೋಲ್ಟುಗಳ ಸುತ್ತ ಟಾರ್ಚು ಬಿಟ್ಟು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಅದು ಬಣ್ಣದ ಬಿರುಕಲ್ಲ, ಲೋಹದ್ದು. ಅದನ್ನು ಸರಿಪಡಿಸುವವರೆಗೆ ಹಿಂದಿನ ಕಂಬಿಗೆ ಏನನ್ನೂ ಕಟ್ಟಬೇಡಿ. ಬ್ಯಾಗುಗಳನ್ನು ಬಾಯಿ ತೆರೆದು ನೆರಳಲ್ಲಿ ಒಣಗಿಸಿ, ಮಡಚದೆ ತೂಗುಹಾಕಿ. ಮಡಿಕೆ ಬಿದ್ದ ಗೆರೆಯಲ್ಲೇ ಲೇಪನ ಮೊದಲು ಏಳುತ್ತದೆ.